ಪ್ರಶ್ನೋತ್ತರ: ಬುಧ, ಶುಕ್ರ, ಮಂಗಳದ ಬಗ್ಗೆ ಕೇಳಿ

ಅಡ್ಮಿನ್: ಇವತ್ತು ಶಿಲಾಗ್ರಹಗಳ ವಿಷಯ. ಕಾಲೇಜಿನಲ್ಲಿ ಖಗೋಳ ಕಲಿಸುವ ಮೇಡಂ ಉತ್ತರಿಸುತ್ತಾರೆ.

ಕಾಪು ಸದಸ್ಯ: ಸೂರ್ಯನಿಗೆ ಹತ್ತಿರ ಬುಧ. ಮತ್ತೆ ಶುಕ್ರ ಯಾಕೆ ಹೆಚ್ಚು ಬಿಸಿ?

ಮೇಡಂ: ಬುಧನಿಗೆ ಶಾಖ ಹಿಡಿದಿಡುವ ಗಾಳಿಯಿಲ್ಲ. ಹಗಲು 430 ಡಿಗ್ರಿ ಸೆಲ್ಸಿಯಸ್, ರಾತ್ರಿ ಮೈನಸ್ 180. ಶುಕ್ರನ ಗಾಳಿಯಲ್ಲಿ ಶೇ 96 ಇಂಗಾಲದ ಡೈಆಕ್ಸೈಡ್, ಒತ್ತಡ ನಮ್ಮದರ 90 ಪಟ್ಟು. ಹಾಗಾಗಿ ಹಗಲೂ ರಾತ್ರಿಯೂ ಸುಮಾರು 465.

ಸುರತ್ಕಲ್ ಸದಸ್ಯೆ: ಆಗಸ್ಟ್ 27ಕ್ಕೆ ಮಂಗಳ ಚಂದ್ರನಷ್ಟು ದೊಡ್ಡದಾಗಿ ಕಾಣ್ತದಂತೆ, ಫಾರ್ವರ್ಡ್ ಬಂತು. ಹೌದಾ?

ಮೇಡಂ: ಸುಳ್ಳು. 2003ರ ಆ ದಿನ ಮಂಗಳ 5.58 ಕೋಟಿ ಕಿ.ಮೀ. ದೂರಕ್ಕೆ ಬಂದಿತ್ತು. ಆಗಲೂ ಬರಿಗಣ್ಣಿಗೆ ಚುಕ್ಕೆಯೇ.

ಮಲ್ಪೆ ಸದಸ್ಯ: ನಾಳೆ ಬೀಚಲ್ಲಿ ಮಕ್ಕಳಿಗೆ ಬೈನಾಕ್ಯುಲರ್‌ನಲ್ಲಿ ಬುಧ ತೋರಿಸುವ ಅಂತ ಉಂಟು. ಸೂರ್ಯ ಮುಳುಗುವ ಮೊದಲೇ ಹುಡುಕಿದರೆ ಬೇಗ ಸಿಗ್ತದಲ್ವಾ? ಎಕ್ಸ್‌ರೇ ಫಿಲ್ಮ್ ಹಿಡಿಯುತ್ತೇವೆ.

ಮೇಡಂ: ಬೇಡ, ಖಂಡಿತ ಬೇಡ. ಆಕಾಶದಲ್ಲಿ ಬುಧ ಸೂರ್ಯನಿಂದ 28 ಡಿಗ್ರಿ ಕೋನಕ್ಕಿಂತ ದೂರ ಹೋಗುವುದೇ ಇಲ್ಲ. ಹುಡುಕುತ್ತಾ ಬೈನಾಕ್ಯುಲರ್ ಸೂರ್ಯನ ಕಡೆ ತಿರುಗಿತೋ, ಕ್ಷಣದಲ್ಲಿ ಕಣ್ಣಿನ ಒಳಪರದೆ, ಅಂದರೆ ಅಕ್ಷಿಪಟಲ, ಸುಡುತ್ತದೆ. ಅಲ್ಲಿ ನೋವಿನ ನರಗಳಿಲ್ಲ. ಮಗುವಿಗೆ ಗೊತ್ತೇ ಆಗುವುದಿಲ್ಲ. ಎಕ್ಸ್‌ರೇ ಫಿಲ್ಮ್ ಕಪ್ಪಾಗಿ ಕಂಡರೂ ಕಣ್ಣಿಗೆ ಕಾಣದ ಅವಕೆಂಪು (ಇನ್‌ಫ್ರಾರೆಡ್) ಕಿರಣ ಒಳಗೆ ಬಿಡುತ್ತದೆ. ಸೂರ್ಯ ಪೂರ್ತಿ ಮುಳುಗಿ 30 ನಿಮಿಷ ಆದ ಮೇಲೆಯೇ ಬೈನಾಕ್ಯುಲರ್ ಹೊರಗೆ ತೆಗೆಯಿರಿ. 7×50, ಅಂದರೆ 7 ಪಟ್ಟು ದೊಡ್ಡದಾಗಿ ತೋರಿಸುವ, 50 ಮಿ.ಮೀ. ಮಸೂರದ್ದು ಸಾಕು. ಕೈ ಚಾಚಿ ಹಿಡಿದ ಮುಷ್ಟಿ ಅಂದರೆ 10 ಡಿಗ್ರಿ. ಸಮುದ್ರದಂಚಿನಿಂದ ಒಂದೆರಡು ಮುಷ್ಟಿ ಎತ್ತರದೊಳಗೆ ಹುಡುಕಿ. ಬುಧ ಈಗ ಸಂಜೆ ಕಾಣುತ್ತದೋ ಬೆಳಿಗ್ಗೆಯೋ ಎಂದು ಮೊದಲೇ ಸ್ಟೆಲೇರಿಯಂ ಎಂಬ ಆಕಾಶ ನಕ್ಷೆಯ ಆ್ಯಪ್‌ನಲ್ಲಿ ನೋಡಿ. ಅಂಚಿನಲ್ಲಿ ಮೋಡದ ಪಟ್ಟಿ ಇದ್ದರೆ ಸಿಗುವುದಿಲ್ಲ, ಮನೆಗೆ ಹೋಗಿ.

ಕಾರ್ಕಳ ಸದಸ್ಯ: ಅರಶಿನ ನೀರಲ್ಲಿ ಸೂರ್ಯನ ಬಿಂಬ ನೋಡಿದರೆ ಏನೂ ಆಗುವುದಿಲ್ಲವಂತೆ.

ಮೇಡಂ: ಆಗುತ್ತದೆ. ಇಂಥ ಮದ್ದು ಇಲ್ಲಿ ಹಾಕಬೇಡಿ. 2032ರ ನವೆಂಬರ್ 13ರಂದು ಬುಧ ಸೂರ್ಯಬಿಂಬದ ಮೇಲೆ ಹಾಯುತ್ತದೆ. ಆಗಲೂ ಸೌರ ಫಿಲ್ಟರನ್ನು ಟೆಲಿಸ್ಕೋಪಿನ ಮುಂದಿನ ಬಾಯಿಗೇ ಹಾಕಬೇಕು. ಕಣ್ಣಿಡುವ ತುದಿಯ ಐಪೀಸಿಗೆ ಹಾಕಿದ್ದು ಬಿಸಿಗೆ ಒಡೆಯುತ್ತದೆ.

ಬಂಟ್ವಾಳ ಸದಸ್ಯ: ಮಂಗಳದಲ್ಲಿ ನೀರುಂಟು, ಮನುಷ್ಯ ಬದುಕಬಹುದು.

ಕುಂದಾಪುರ ಸದಸ್ಯ: ಎಂತ ಬದುಕುದು ಮಾರಾಯ್ರೆ? ಗಾಳಿಯ ಒತ್ತಡ ನಮ್ಮದರ ಶೇ 1 ಕೂಡ ಇಲ್ಲ.

ಬಂಟ್ವಾಳ ಸದಸ್ಯ: ಧ್ರುವದಲ್ಲಿ ಮಂಜುಗಡ್ಡೆ ಉಂಟು. ಓದಿ ಮಾತಾಡಿ.

ಕುಂದಾಪುರ ಸದಸ್ಯ: ಬುಧನ ಧ್ರುವದ ಬಿಸಿಲು ಬೀಳದ ಕುಳಿಗಳಲ್ಲೂ ಉಂಟು. ಅಷ್ಟಕ್ಕೇ ಬದುಕಲಿಕ್ಕೆ ಆಗ್ತದಾ? ನೀವೇ ಓದಿ.

ಬಂಟ್ವಾಳ ಸದಸ್ಯ: ನಿಮ್ಮ ಹತ್ರ ಮಾತೇ ಬೇಡ. ಮೇಡಂ ಹೇಳಲಿ.

ಮೇಡಂ: ಮಂಗಳದ ಕಾಂತಕ್ಷೇತ್ರ ಸುಮಾರು 400 ಕೋಟಿ ವರ್ಷಗಳ ಹಿಂದೆ ನಿಂತಿತು, ಗುರುತ್ವವೂ ನಮ್ಮದರ ಶೇ 38 ಮಾತ್ರ. ಹಾಗಾಗಿ ಗಾಳಿಯ ಹೆಚ್ಚಿನ ಪಾಲು ಬಾಹ್ಯಾಕಾಶಕ್ಕೆ ಸೋರಿಹೋಯಿತು. ಮಂಜುಗಡ್ಡೆ ನಿಜ, ಒತ್ತಡ ಸಾಲದ್ದೂ ನಿಜ. ಇನ್ನು ಜಗಳ ನಿಲ್ಲಿಸಿ.

ಉಳ್ಳಾಲ ಸದಸ್ಯ: ಆಗಸ್ಟ್ 27ಕ್ಕೆ ಎರಡು ಚಂದ್ರ ಅಂತೆ?

ಮೇಡಂ: ಮೇಲೆ ಓದಿ.

ಮಲ್ಪೆ ಸದಸ್ಯ: ಎರಡು ಕೂಲಿಂಗ್ ಗ್ಲಾಸ್ ಒಟ್ಟಿಗೆ ಹಾಕಿದರೆ?

ಮೇಡಂ: ಆಗುವುದಿಲ್ಲ. 30 ನಿಮಿಷ ಅಂದರೆ 30 ನಿಮಿಷ.