ಹೊಸ ಮರಿ ಬಂದ ಮೇಲೆ ಹಳೇ ನಾಯಿ ಗುರ್ ಅಂತಿತ್ತು, ನಿನ್ನೆ ಕಚ್ಚಿಯೇ ಬಿಟ್ಟಿತು

ತೋಟದ ದಾರಿ:

ತೀರ್ಥಹಳ್ಳಿ ಕಡೆ ಹಳ್ಳಿಮನೆ. ಕಾಳ ಅಂತ ನಾಟಿ ಗಂಡುನಾಯಿ, 8 ವರ್ಷ, 19 ಕೆಜಿ, ಸಂತಾನ ತಡೆಯುವ ಆಪರೇಷನ್ ಆಗಿಲ್ಲ. ಹಗಲು ಜಗಲಿ ಕಂಬಕ್ಕೆ ಕಟ್ಟಿರ್ತೇವೆ, ರಾತ್ರಿ ಬಿಡ್ತೇವೆ. ರೇಬೀಸ್ ಚುಚ್ಚುಮದ್ದು ವರ್ಷವರ್ಷ ಆಗಿದೆ, ಬೇರೆ ಎಂತದೂ ಹಾಕಿಸಿಲ್ಲ. ಮರಿ ಗುಂಡಿ: ನಾಟಿ ಹೆಣ್ಣು, 10 ವಾರ, 3 ಕೆಜಿ, ಲಸಿಕೆ ಒಂದು ಡೋಸ್ ಆಗಿದೆ. ಬಂದು 12 ದಿನ.

ಮೊದಲ ನಾಲ್ಕು ದಿನ ಕಾಳ ಅದರ ಕಡೆ ತಿರುಗಿಯೂ ನೋಡಲಿಲ್ಲ. ಆಮೇಲೆ ಹತ್ತಿರ ಬಂದ್ರೆ ಗುರ್ ಅನ್ನೋಕೆ ಶುರು. ಅಂದಾಗೆಲ್ಲ ಗದರಿಸಿದ್ವಿ, ಎರಡು ಸಲ ಕೋಲಲ್ಲಿ ಕೊಟ್ಟದ್ದೂ ಆಯ್ತು. ಗುರ್ ಅನ್ನೋದು ನಿಂತಿತು. ನಿನ್ನೆ ಸಂಜೆ ಸದ್ದೇ ಇಲ್ಲದೆ ಕಚ್ಚಿದೆ. ಮರಿಯ ಕೆನ್ನೆಯಲ್ಲಿ ಒಂದು ಹಲ್ಲಿನ ತೂತು, ರಕ್ತ ಬೇಗ ನಿಂತಿತು. ಇದು ಸಾಯಿಸೋ ಮಟ್ಟಕ್ಕೆ ಹೋಗ್ತದಾ? ಒಟ್ಟಿಗೆ ಬಿಡೋದು ಯಾವಾಗ? ಮರಿಗೆ ಕಾಳನ ಊಟವೇ ಸಾಕಾ?

ಜಗಲಿಕಟ್ಟೆ:

ಮೊದಲು ಗಾಯ. ಒಂದು ಲೀಟರ್ ನೀರು ಕುದಿಸಿ, ಎರಡು ಸಣ್ಣ ಚಮಚ ಉಪ್ಪು ಹಾಕಿ, ಆರಿದ ಮೇಲೆ ಸಿರಿಂಜಿನಲ್ಲಿ ತುಂಬಿ ತೂತಿನ ಮೇಲೆ ಹಾಯಿಸಿ. ದಿನಕ್ಕೆ ಮೂರು ಸಲ. ಅರಿಶಿನ, ಸೀಮೆಎಣ್ಣೆ, ಬೂದಿ ಯಾವುದನ್ನೂ ಮೆತ್ತಬೇಡಿ. ಹಲ್ಲಿನ ತೂತು ಹೊರಗೆ ಸಾಸಿವೆಯಷ್ಟು ಕಂಡರೂ ಒಳಗೆ ಆಳ ಇರ್ತದೆ. ಮೇಲೆ ಹೊಪ್ಪಳೆ ಕಟ್ಟಿ ಒಳಗೆ ಕೀವಾದರೆ ಎರಡು ಮೂರು ದಿನಕ್ಕೆ ಕೆನ್ನೆ ಊದ್ತದೆ. ಕಣ್ಣಿಗೆ ಹತ್ತಿರ ಇದ್ದರೆ, ಅಥವಾ ಮರಿ ಊಟ ಬಿಟ್ಟರೆ, ಇವತ್ತೇ ಪಶು ಆಸ್ಪತ್ರೆಗೆ.

ಇನ್ನು ಕೆಲವು ವಿಷಯ ಗೊತ್ತಾಗಬೇಕು. ಕಚ್ಚಿದ್ದು ಎಲ್ಲಿ, ಆಗ ಕಾಳ ಸರಪಳಿಯಲ್ಲಿತ್ತಾ? ಸುತ್ತ ತಿನ್ನೋದು ಏನಾದ್ರೂ ಇತ್ತಾ? ಬೆಳಿಗ್ಗೆ ಏಳೋವಾಗ ಹಿಂಗಾಲು ಎಳೀತದಾ? ಕಿವಿ ಕೊಡವ್ತದಾ?

ತೋಟದ ದಾರಿ:

ಬಚ್ಚಲ ಒಲೆ ಬುಡದಲ್ಲಿ. ಮಳೆಗಾಲದಲ್ಲಿ ಅದು ಸಂಜೆಯಿಂದ ಅಲ್ಲೇ ಮಲಗೋದು, ಸರಪಳಿ ಅಲ್ಲಿಗೇ ತಂದು ಕಟ್ತೇವೆ. ತಿನ್ನೋದು ಇರ್ಲಿಲ್ಲ. ಮರಿ ಹೋಗಿ ಹೊಟ್ಟೆ ಹತ್ತಿರ ಮಲಗೋಕೆ ನೋಡಿತು. ಹೌದು, ಬೆಳಿಗ್ಗೆ ಏಳೋಕೆ ಎರಡು ಸಲ ಪ್ರಯತ್ನ ಮಾಡ್ತದೆ. ವಯಸ್ಸಾಯ್ತಲ್ಲ ಅಂದುಕೊಂಡಿದ್ವಿ. ಕಿವಿ ಸರಿ ಇದೆ.

ಜಗಲಿಕಟ್ಟೆ:

ಅಲ್ಲಿಗೆ ಉತ್ತರ ಮುಕ್ಕಾಲು ಸಿಕ್ಕಿತು. ಸೊಂಟವೋ ಮಂಡಿಯೋ ನೋಯ್ತಿರೋ ನಾಯಿ, ಇಡೀ ಮನೆಯಲ್ಲಿ ಬೆಚ್ಚಗಿರೋ ಒಂದೇ ಜಾಗ, ಎದ್ದು ಹೋಗೋಣ ಅಂದ್ರೆ ಕುತ್ತಿಗೆಗೆ ಸರಪಳಿ. ಮರಿ ಮಾತ್ರ ಬಿಚ್ಚಿಕೊಂಡು ಓಡಾಡ್ತಿದೆ. ದೂರ ಹೋಗುವ ದಾರಿ ಮುಚ್ಚಿದ ನಾಯಿ ಎದುರಿನದನ್ನು ದೂರ ಕಳಿಸೋಕೆ ನೋಡ್ತದೆ. ಕಾಳನ ಸ್ವಭಾವ ಕೆಟ್ಟದ್ದು ಅಂತ ಹೇಳೋಕೆ ಇದರಲ್ಲಿ ಏನೂ ಇಲ್ಲ.

ಕೋಲಿನ ವಿಚಾರ ನೇರವಾಗಿ ಹೇಳ್ತೇನೆ, ಬೇಜಾರಾಗಬೇಡಿ. ನಾಯಿ ಕಚ್ಚೋಕೆ ಮೊದಲು ಮೆಟ್ಟಿಲು ಮೆಟ್ಟಿಲಾಗಿ ಹೇಳ್ತದೆ: ಮುಖ ತಿರುಗಿಸೋದು, ತುಟಿ ನೆಕ್ಕೋದು, ಮೈ ಸೆಟೆಸಿ ಕಣ್ಣಿನ ಬಿಳಿ ಕಾಣುವ ಹಾಗೆ ಓರೆಯಾಗಿ ನೋಡೋದು, ಗುರ್, ಗಾಳಿಯಲ್ಲಿ ಹಲ್ಲು ಕಡಿಯೋದು, ಕೊನೆಗೆ ಕಚ್ಚೋದು. ಗುರ್ ಅಂದಾಗ ಹೊಡೆದರೆ ಸಿಟ್ಟು ಹಾಗೇ ಇರ್ತದೆ, ಗುರ್ ಅನ್ನೋ ಮೆಟ್ಟಿಲು ಮಾತ್ರ ಕಳಚಿ ಬೀಳ್ತದೆ. ನಿನ್ನೆ ಸದ್ದಿಲ್ಲದೆ ಕಚ್ಚಿದ್ದು ಅದಕ್ಕೇ. ಇನ್ನು ಮೇಲೆ ಗುರ್ ಅಂದ್ರೆ ಮಾತಾಡದೆ ಮರಿಯನ್ನು ಎತ್ತಿ ಆಚೆ ಇಡಿ. ಗುರ್ ವಾಪಸ್ ಬರೋದು ಒಳ್ಳೆ ಲಕ್ಷಣ.

ಸಾಯಿಸುವ ಉದ್ದೇಶ ಇದ್ದಿದ್ದರೆ 19 ಕೆಜಿ ನಾಯಿ 3 ಕೆಜಿ ಮರಿಗೆ ಒಂದು ತೂತು ಮಾಡಿ ಬಿಡ್ತಿರಲಿಲ್ಲ, ಹಿಡಿದು ಕೊಡವ್ತಿತ್ತು. ಹಾಗಂತ ಇದೇ ಏರ್ಪಾಡು ಮುಂದುವರಿಸಿದ್ರೆ ಮುಂದಿನ ಸಲ ಕಣ್ಣು ಹೋಗಬಹುದು.

ಇವತ್ತಿಂದ ಮಾಡಬೇಕಾದ್ದು. ಬಚ್ಚಲ ಬಾಗಿಲಿಗೆ ಅಡಿಕೆ ಮರ ಸೀಳಿದ ದಬ್ಬೆಯ ಅರ್ಧ ಬಾಗಿಲು ಕಟ್ಟಿ, ಎರಡೂವರೆ ಅಡಿ ಎತ್ತರ. ದಬ್ಬೆಯ ನಡುವಿನ ಸಂದು ಎರಡು ಇಂಚಿಗಿಂತ ಹೆಚ್ಚು ಬೇಡ, ಮರಿ ತಲೆ ತೂರಿಸಿ ಸಿಕ್ಕಿಬೀಳ್ತದೆ. ದಬ್ಬೆಯ ಸಿಬಿರು ಕೆತ್ತಿ ನುಣುಪು ಮಾಡಿ, ಇಲ್ಲಾಂದ್ರೆ ಕಚ್ಚಿ ವಸಡಿಗೆ ಚುಚ್ಚಿಕೊಳ್ತದೆ. ಬಾಗಿಲ ಒಳಗೆ ಕಾಳ, ಸರಪಳಿ ಇಲ್ಲದೆ. ಹೊರಗೆ ಮರಿ. ಒಲೆ ಬುಡ ಕಾಳನದ್ದೇ, ಅದನ್ನು ಮರಿಗೆ ಹಂಚಬೇಡಿ.

ಮರಿಗೆ ಬೇರೆ ಬೆಚ್ಚನೆ ಜಾಗ ಆಗಬೇಕು, ಅದು ಕಾಳನ ಹೊಟ್ಟೆಗೆ ಹೋಗಿದ್ದೇ ಚಳಿಗೆ. ನೆಲದಿಂದ ಅರ್ಧ ಅಡಿ ಎತ್ತರಕ್ಕೆ ದಬ್ಬೆ ತಟ್ಟಿ ಮಾಡಿ, ಮೇಲೆ ಎರಡು ಪದರ ಒಣ ಗೋಣಿ. ರಾತ್ರಿ ಒಂದು ಲೀಟರ್ ಬಾಟಲಿಗೆ ಬಿಸಿನೀರು ತುಂಬಿ, ಹಳೇ ಪಂಚೆಯಲ್ಲಿ ಸುತ್ತಿ ಪಕ್ಕಕ್ಕಿಡಿ. ಕೈಗೆ ಹಿತ ಅನ್ನಿಸುವಷ್ಟು ಬಿಸಿ ಸಾಕು. ಆಷಾಢದಲ್ಲಿ ಗೋಣಿ ಒಂದೇ ದಿನಕ್ಕೆ ತಂಡಿ ಹಿಡೀತದೆ, ಹಾಗಾಗಿ ಎರಡು ಜೊತೆ ಇಟ್ಟುಕೊಂಡು ಒಂದನ್ನು ಒಲೆ ಮೇಲಿನ ಅಟ್ಟದಲ್ಲಿ ಒಣಗಿಸಿ.

ಮೊದಲ ನಾಲ್ಕೈದು ದಿನ ಬರೀ ಬಾಗಿಲ ಆಚೆ ಈಚೆ. ದಿನವೂ ಇದರ ಗೋಣಿ ಅದಕ್ಕೆ, ಅದರದ್ದು ಇದಕ್ಕೆ ಬದಲಾಯಿಸಿ, ವಾಸನೆ ಪರಿಚಯ ಆಗಲಿ. ಊಟ ಒಂದೇ ಹೊತ್ತಿಗೆ ಹಾಕಿ: ಬಾಗಿಲಿಂದ ಎರಡೂ ಕಡೆ ಆರಡಿ ದೂರದಲ್ಲಿ ತಟ್ಟೆ, ಇಬ್ಬರೂ ನಿರಾಳವಾಗಿ ತಿಂದರೆ ಮಾರನೇ ದಿನ ಅರ್ಧ ಅಡಿ ಹತ್ತಿರ. ಕಾಳ ತಿನ್ನೋದು ನಿಲ್ಲಿಸಿ ದಿಟ್ಟಿಸಿದ್ರೆ ಹಿಂದಿನ ದಿನದ ದೂರಕ್ಕೆ ವಾಪಸ್. ಆಮೇಲೆ ಎರಡಕ್ಕೂ ಆರಡಿ ಹಗ್ಗ ಹಾಕಿ, ಇಬ್ಬರು ಹಿಡಿದು ರಸ್ತೆಯಲ್ಲಿ ಇಪ್ಪತ್ತು ಅಡಿ ಅಂತರದಲ್ಲಿ ಒಂದೇ ದಿಕ್ಕಿಗೆ ನಡೆಸಿ. ಎದುರಾಬದುರು ತರಬೇಡಿ.

ಕೊಟ್ಟಿಗೆ ಡಾಕ್ಟ್ರು:

ಜಗಲಿಕಟ್ಟೆಯವರೆ, ಒಂದು ತಿದ್ದುಪಡಿ. ಒಂದೇ ಡೋಸ್ ಆದ ಮರಿಯನ್ನು ಊರ ರಸ್ತೆಗೆ ಇಳಿಸೋದು ಬೇಡ. ಮರಿಗಳಿಗೆ ವಾಂತಿ, ರಕ್ತಬೇಧಿ ತರುವ ಪಾರ್ವೊ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳೀತದೆ. ಬೀದಿನಾಯಿ ಬಾರದ ಸ್ವಂತ ಕಣ ಅಥವಾ ಅಂಗಳದಲ್ಲೇ ನಡೆಸಲಿ.

ಜಗಲಿಕಟ್ಟೆ:

ಸರಿ, ತಪ್ಪು ನನ್ನದು. ಕಣವೇ ಸಾಕು. ಜಾಗ ಸಾಲದಿದ್ದರೆ ಅಂತರ ಹದಿನೈದು ಅಡಿ ಇದ್ದರೂ ನಡೀತದೆ.

ಹುಲಿಕಲ್ ಮಳೆ:

ಇಷ್ಟೆಲ್ಲ ಎಂತಕ್ಕೆ ಮಾರಾಯ್ರೆ? ನಮ್ಮ ಕಡೆ ಮರಿ ತಂದು ಅಂಗಳಕ್ಕೆ ಬಿಡೋದು, ಅವವೇ ಸರಿ ಮಾಡ್ಕೊಳ್ತಾವೆ. ದೊಡ್ಡದು ಒಂದು ಸಲ ಹೆದರಿಸಿದ್ರೆ ಮರಿ ಕಲೀತದೆ.

ಜಗಲಿಕಟ್ಟೆ:

ಎರಡೂ ಬಿಚ್ಚಿಕೊಂಡಿದ್ದು, ದೊಡ್ಡದಕ್ಕೆ ನೋವಿಲ್ಲದೆ, ಅಂಗಳ ವಿಶಾಲ ಇದ್ರೆ ನಿಮ್ಮ ಮಾತು ಬಹಳ ಸಲ ನಿಜ. ಮೂತಿ ಸುಕ್ಕಿಸಿ ಗುರ್ ಅನ್ನೋದು, ಮರಿಯನ್ನು ಮೆಲ್ಲಗೆ ನೆಲಕ್ಕೆ ಒತ್ತೋದು ಪಾಠವೇ, ಅದಕ್ಕೆ ಯಾರೂ ಅಡ್ಡ ಬರಬಾರದು. ಇಲ್ಲಿ ಕಾಳ ಕಟ್ಟಿಹಾಕಿದ್ದು, ನೋವಿದೆ, ರಕ್ತ ಬಂದಿದೆ. ಇನ್ನೊಂದು: ಮೂರ್ನಾಲ್ಕು ತಿಂಗಳವರೆಗೆ ಮರಿ ಅಂತ ದೊಡ್ಡ ನಾಯಿಗಳು ಸೈರಿಸ್ತಾವೆ. ಹಲ್ಲು ಬದಲಾಗುವ 4ರಿಂದ 6 ತಿಂಗಳ ಹೊತ್ತಿಗೆ ಆ ರಿಯಾಯಿತಿ ಕಡಿಮೆಯಾಗ್ತದೆ. ಈಗಲೇ ಕಚ್ಚಿದ ಮೇಲೆ ಆಗ ತಾನೇ ಸರಿಹೋಗ್ತದೆ ಅಂತ ಬಿಡೋಕಾಗಲ್ಲ.

ಕೊಟ್ಟಿಗೆ ಡಾಕ್ಟ್ರು:

ಕಾಳನ ಹಿಂಗಾಲು ಪರೀಕ್ಷೆ ಆಗಲೇಬೇಕು. ಅಲ್ಲಿಯವರೆಗೆ ಮನುಷ್ಯರ ನೋವಿನ ಮಾತ್ರೆ ಕೊಡಬೇಡಿ. ಡೈಕ್ಲೋಫೆನಾಕ್, ಐಬುಪ್ರೊಫೆನ್ ನಾಯಿಗೆ ಹೊಟ್ಟೆಯಲ್ಲಿ ಹುಣ್ಣು ಮಾಡ್ತವೆ, ಮೂತ್ರಪಿಂಡ ಕೆಡಿಸ್ತವೆ. ನಾಯಿಗೆ ಆಗುವ ಔಷಧ ಬೇರೆ ಇದೆ, ತೂಕ ನೋಡಿ ಬರೆದುಕೊಡ್ತಾರೆ. ತಾಲೂಕಿನಲ್ಲಿ ಎಕ್ಸ್‌ರೇ ಇಲ್ಲದಿದ್ದರೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಕರ್ಕೊಂಡು ಹೋಗಬಹುದು. ಬಾಯಿಯೂ ನೋಡಿಸಿ, ಹುಳುಕು ದವಡೆಹಲ್ಲು ಇದ್ದ ನಾಯಿ ಮೂತಿಗೆ ಮರಿ ಹಾರಿದರೆ ಕೆರಳ್ತದೆ.

ಮರಿಯ ಚುಚ್ಚುಮದ್ದು: ಎರಡನೆಯದು ಮೊದಲನೆಯದಾದ 3–4 ವಾರಕ್ಕೆ, ಕೊನೆಯದು 16 ವಾರ ತುಂಬಿದ ಮೇಲೆ. ಮಧ್ಯದಲ್ಲಿ ನಿಲ್ಲಿಸಿದರೆ ತಾಯಿಯಿಂದ ಬಂದ ರಕ್ಷಣೆ ಇಳಿದು, ಲಸಿಕೆಯದ್ದು ಇನ್ನೂ ಏರದ ಸಂದು ಉಳೀತದೆ. ಪಾರ್ವೊ ಹಿಡಿಯೋದು ಅಲ್ಲೇ. ರೇಬೀಸ್ 3 ತಿಂಗಳಿಗೆ. ಕಾಳನಿಗೂ ಹಲವು ರೋಗಕ್ಕೆ ಒಟ್ಟಿಗೆ ಹಾಕುವ ಸಂಯುಕ್ತ ಲಸಿಕೆ ಹಾಕಿಸಿ, ಅದರಲ್ಲಿ ಲೆಪ್ಟೊ (ಇಲಿಜ್ವರದ್ದು) ಇರಬೇಕು. ಗದ್ದೆ ನೀರು, ಇಲಿ ಉಚ್ಚೆ ಇರುವ ಕಡೆ ಇಲಿಜ್ವರ ನಾಯಿಗೂ ಬರ್ತದೆ, ಅದರಿಂದ ಮನೆಯವರಿಗೂ. ಮೊದಲ ಸಲವಾದ್ದರಿಂದ ಎರಡು ಡೋಸ್, 3–4 ವಾರದ ಅಂತರ, ಆಮೇಲೆ ವರ್ಷಕ್ಕೊಂದು.

ಜಂತುಹುಳದ ಔಷಧ ಮರಿಗೆ 3 ತಿಂಗಳವರೆಗೆ 15 ದಿನಕ್ಕೊಮ್ಮೆ, 6 ತಿಂಗಳವರೆಗೆ ತಿಂಗಳಿಗೊಮ್ಮೆ, ನಂತರ ಎರಡಕ್ಕೂ 3 ತಿಂಗಳಿಗೊಮ್ಮೆ. ಎರಡಕ್ಕೂ ಒಂದೇ ದಿನ ಕೊಡಿ. ಒದ್ದೆ ಮಣ್ಣಿನಲ್ಲಿ ಕೊಕ್ಕೆಹುಳದ ಮರಿ ಪಾದದ ಚರ್ಮದಿಂದಲೇ ಒಳಗೆ ಹೋಗ್ತದೆ. ಮರಿಯ ವಸಡು ಬಿಳಿಚಿಕೊಂಡಿದ್ದರೆ ಕಾಯಬೇಡಿ.

ಊಟ: ಕಾಳನ ಗಂಜಿ ಮಜ್ಜಿಗೆ ಮರಿಗೆ ಸಾಲದು. 3 ಕೆಜಿ ಮರಿಗೆ ದಿನಕ್ಕೆ ಹತ್ತಿರ ಹತ್ತಿರ 480 ಕ್ಯಾಲರಿ ಬೇಕು. ಅನ್ನ 150 ಗ್ರಾಂ, ಬೇಯಿಸಿದ ಮೊಟ್ಟೆ ಎರಡು, ಮೂಳೆ ತೆಗೆದ ಕೋಳಿ 100 ಗ್ರಾಂ, ಜೊತೆಗೆ ಮೊಟ್ಟೆಸಿಪ್ಪೆ ನುಣ್ಣಗೆ ಪುಡಿ ಮಾಡಿ ಅರ್ಧ ಚಮಚ, ಇದನ್ನು ನಾಲ್ಕು ಹೊತ್ತಿಗೆ ಹಂಚಿ. ತೂಕ ಏರಿದಂತೆ ಏರಿಸಿ. ಮನೆಯೊಳಗೆ ಮೊಟ್ಟೆ ತಾರದವರಾದರೆ ಮರಿಗಳ ಪ್ಯಾಕೆಟ್ ಆಹಾರವೇ ಸೈ, ಬರೀ ಹಾಲು ಅನ್ನದಲ್ಲಿ ಮೂಳೆ ಬಲಿಯಲ್ಲ. ಹಸುವಿನ ಹಾಲು ಜಾಸ್ತಿಯಾದರೆ ಬೇಧಿ. ಮರಿಯ ತಟ್ಟೆ ಹದಿನೈದು ನಿಮಿಷಕ್ಕೆ ಎತ್ತಿಬಿಡಿ, ಉಳಿದದ್ದು ಜಗಳದ ಮೂಲ.

ಸೊರಬದವ:

ಮೈಗೆ ಕಚ್ಚಿ ರಕ್ತ ಹೀರುವ ಉಣ್ಣೆ ವಿಚಾರ ಯಾರೂ ಎತ್ತಲಿಲ್ಲ. ಕೊಟ್ಟಿಗೆಯಲ್ಲಿ ದನಕ್ಕೆ ಹೊಡೆಯುವ ಉಣ್ಣೆ ಔಷಧ ಮಿಕ್ಕಿದೆ ಅಂತ ಮರಿಗೆ ಸವರೋದು ನಮ್ಮ ಕಡೆ ಮಾಮೂಲಿ. ದನದ ಅಳತೆಯಲ್ಲಿ ಕಲಸಿದ್ದು ಮರಿ ನೆಕ್ಕಿಕೊಂಡರೆ ಜೊಲ್ಲು, ನಡುಕ, ಸಾವೂ ಆಗ್ತದೆ. ಈ ವಯಸ್ಸಿಗೆ ಫಿಪ್ರೋನಿಲ್ ಸ್ಪ್ರೇ ಆಗ್ತದೆ. ಅಗಿಯುವ ಮಾತ್ರೆಗಳು ಸಾಮಾನ್ಯವಾಗಿ 8 ವಾರ, 2 ಕೆಜಿ ದಾಟಿದ ಮೇಲೆ. ಮಂಗನ ಕಾಯಿಲೆಗೆ ಹಂಚುವ ಡೆಪಾ ಎಣ್ಣೆ ಮನುಷ್ಯರ ಚರ್ಮಕ್ಕೆ ಮಾಡಿದ್ದು, ನಾಯಿಗೆ ಹಚ್ಚಬೇಡಿ. ಆ ಕಾಯಿಲೆ 1957ರಲ್ಲಿ ಮೊದಲು ಗುರುತಾದದ್ದು ನಮ್ಮ ತಾಲೂಕಿನ ಕ್ಯಾಸನೂರು ಕಾಡಿನಲ್ಲೇ. ಮಳೆ ಮುಗಿದು ಡಿಸೆಂಬರ್‌ನಿಂದ ಮೇ ತನಕ ಕಾಡು ಸುತ್ತಿ ಬಂದ ನಾಯಿಯನ್ನು ನೇರ ಜಗಲಿಗೆ ಹತ್ತಿಸಬೇಡಿ. ಬರಿಗೈಯಲ್ಲಿ ಉಣ್ಣೆ ಹಿಚುಕೋದೂ ಬೇಡ. ಚಿಮುಟದಲ್ಲಿ ಚರ್ಮಕ್ಕೆ ತಾಗಿಸಿ ಹಿಡಿದು, ತಿರುಚದೆ ನೇರ ಎಳೆದು ಸೋಪಿನ ನೀರಿಗೆ ಹಾಕಿ.

ಈಗಿನ ಕಾಟ ಇಂಬಳ (ಜಿಗಣೆ). ಕಾಲಿನ ಬೆರಳ ಸಂದು, ಕಿವಿಯ ಒಳಮಡಿಕೆ ದಿನಾ ನೋಡಿ. ಒಂದೇ ಹೊಳ್ಳೆಯಲ್ಲಿ ಬಿಟ್ಟು ಬಿಟ್ಟು ರಕ್ತ, ಜೊತೆಗೆ ಸೀನು ಇದ್ರೆ ಮೂಗಿನೊಳಗೆ ಇಂಬಳ ಹೊಕ್ಕಿರಬಹುದು. ಜ್ವರ, ಊಟ ಬಿಟ್ಟದ್ದು, ಬಿಳಿಚಿದ ವಸಡು ಸೇರಿಕೊಂಡು ಮೂಗಲ್ಲಿ ರಕ್ತ ಬಂದ್ರೆ ಉಣ್ಣೆ ಜ್ವರದ ಅನುಮಾನ, ರಕ್ತಪರೀಕ್ಷೆ ಆಗಬೇಕು.

ಅಡಿಕೆ ತೋಟಕ್ಕೆ ಔಷಧಿ ಹೊಡೆಯುವ ದಿನ ಎರಡನ್ನೂ ಒಳಗಿಡಿ. 100 ಲೀಟರಿಗೆ ಒಂದು ಕೆಜಿ ಮೈಲುತುತ್ತ ಕಲಸಿದ ಡ್ರಮ್ಮಿನ ತಳದ ನೀರು ಮರಿ ಕುಡಿದರೆ ವಾಂತಿ, ಬೇಧಿ. ಡ್ರಮ್ಮು ಮಗುಚಿಡಿ. ಕೊಯ್ಲಿನ ಹೊತ್ತಿಗೆ ಮರಿಗೆ ಆರು ತಿಂಗಳು ದಾಟಿರ್ತದೆ, ಕಂಡದ್ದೆಲ್ಲ ಅಗಿಯುವ ವಯಸ್ಸು. ಹಸಿ ಅಡಿಕೆ, ಅಡಿಕೆ ಬೇಯಿಸಿದ ಚೊಗರು ಎರಡರಲ್ಲೂ ಇರುವ ಅರೆಕೋಲಿನ್ ನಾಯಿಗೆ ಜೊಲ್ಲು, ವಾಂತಿ, ನಡುಕ ತರ್ತದೆ. ಹಲಸಿನ ಬೀಜ, ಮಾವಿನ ಗೊರಟು ನುಂಗಿದರೆ ಕರುಳು ಕಟ್ತದೆ. ಚಿರತೆ ಓಡಾಟ ಇದ್ದ ಕಡೆ ಮರಿ ರಾತ್ರಿ ಬಾಗಿಲ ಒಳಗೇ.

ತೋಟದ ದಾರಿ:

ಒಂಬತ್ತು ದಿನ ಆಯ್ತು. ಗಾಯ ಒಣಗಿದೆ. ಕಾಳನಿಗೆ ಸೊಂಟದ ಕೀಲು ಸವೆದಿದೆ ಅಂದ್ರು, ಔಷಧ ಶುರುವಾಗಿದೆ. ಸರಪಳಿ ಬಿಚ್ಚಿದೀವಿ, ಅಂಗಳಕ್ಕೆ ಉಣುಗೋಲು (ಅಡ್ಡಗಳುವಿನ ಗೇಟು) ಹಾಕಿಯೇ ಇರ್ತದೆ. ತಟ್ಟೆ ಮೂರಡಿಗೆ ಬಂದಿದೆ. ಕಣದಲ್ಲಿ ಪಕ್ಕಪಕ್ಕ ನಡೀತಾವೆ. ಒಂದೇ ತೊಂದರೆ: ಸಂಜೆ ಆರರ ಮೇಲೆ ಮರಿಗೆ ಹುಚ್ಚು ಹಿಡಿದ ಹಾಗೆ, ಹಾರಿ ಹಾರಿ ಕಾಳನ ಕಿವಿ ಜಗ್ತದೆ. ಮಕ್ಕಳ ಕೈಗೂ ಹಲ್ಲು ತಾಗಿಸಿದೆ.

ಜಗಲಿಕಟ್ಟೆ:

ಅದು ನಿದ್ದೆಗೆಟ್ಟ ಮರಿ. ಈ ವಯಸ್ಸಿಗೆ ದಿನಕ್ಕೆ 18 ತಾಸು ನಿದ್ದೆ ಬೇಕು. ಮಕ್ಕಳಿರೋ ಮನೆಯಲ್ಲಿ ಯಾರೂ ಮಲಗೋಕೆ ಬಿಡಲ್ಲ. ಒಂದು ತಾಸು ಎಚ್ಚರ, ಎರಡು ತಾಸು ಅದರ ಜಾಗದಲ್ಲಿ. ಐದೂವರೆಗೇ ಉಚ್ಚೆ ಮಾಡಿಸಿ ಒಳಗೆ ಹಾಕಿ, ಕಚ್ಚೋಕೆ ಒದ್ದೆ ಮಾಡಿದ ಹಳೇ ಬಟ್ಟೆಯ ಗಂಟು ಕೊಡಿ. ಹಗ್ಗ ಇನ್ನೂ ಎರಡು ವಾರ ಮೈಮೇಲೆ ಇರಲಿ, ಕಿವಿಗೆ ಹಾರಿದ್ರೆ ಹಗ್ಗ ಹಿಡಿದು ಆಚೆ ಒಯ್ಯಿರಿ. ಕಾಳ ಗುರ್ ಅಂತಾ ಈಗ?

ತೋಟದ ದಾರಿ:

ಅಂತದೆ. ನಾವು ಸುಮ್ಮನಿರ್ತೇವೆ, ಗುಂಡಿ ಹಿಂದೆ ಸರೀತದೆ.

ಕೊಟ್ಟಿಗೆ ಡಾಕ್ಟ್ರು:

ಮಕ್ಕಳ ಕೈಯಲ್ಲಿ ಚರ್ಮ ತರಚಿದ್ದರೂ ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಆಸ್ಪತ್ರೆಗೆ ತೋರಿಸಿ. ಮರಿಗೆ ರೇಬೀಸ್ ಲಸಿಕೆ ಇನ್ನೂ ಆಗಿಲ್ಲ, ಮರಿ ಕಚ್ಚಿದ್ದಲ್ವಾ ಅಂತ ಬಿಡಬೇಡಿ.

ಮುಂದಿನ ಲೆಕ್ಕ ಈಗಲೇ ಹಾಕಿ. ಹೆಣ್ಣು 6 ತಿಂಗಳ ಮೇಲೆ ಯಾವಾಗ ಬೇಕಾದರೂ ಬೆದೆಗೆ ಬರಬಹುದು, ಒಂದೇ ಮನೆಯಲ್ಲಿ ಕಾಳ ಇದೆ. ಯಾರಿಗೆ ಯಾವಾಗ ಆಪರೇಷನ್ ಅಂತ ಕಾಳನ ಔಷಧಕ್ಕೆ ಹೋದಾಗಲೇ ಕೇಳಿ. ಕಾಳನಿಗೇ ಮಾಡಿಸೋದಾದ್ರೆ ನಂತರವೂ ಕೆಲವು ವಾರ ಮರಿ ಹುಟ್ಟಿಸುವ ಶಕ್ತಿ ಉಳಿದಿರ್ತದೆ. ಯಾರಿಗೇ ಮಾಡಿಸಿದರೂ ಹೊಲಿಗೆ ಒಣಗುವ 10–14 ದಿನ ಮತ್ತೆ ಬೇರೆ ಬೇರೆ ಇಡಬೇಕಾಗ್ತದೆ, ಹಾಗಾಗಿ ಆ ದಬ್ಬೆ ಬಾಗಿಲು ಬಿಚ್ಚಿ ಒಲೆಗೆ ಹಾಕಬೇಡಿ.