ಢೋಲ್ಕಿ ಜೊತೆ ಬೇಸ್ ಗಿಟಾರ್: ಸ್ಟೇಜ್‌ಗೆ ಯಾವ ಲೂಪರ್ ಪೆಡಲ್ ತಗೊಳ್ಳಲಿ?

ದಪ್ಪತಂತಿ (ಟಿಳಕವಾಡಿ, ಬೆಳಗಾವಿ)

ಎಲ್ಲರಿಗೂ ನಮಸ್ಕಾರ. ಹನ್ನೊಂದು ವರ್ಷದಿಂದ ಬೇಸ್ ನುಡಿಸುತ್ತಿದ್ದೇನೆ. ನಮ್ಮದು ಈಗ ಮೂರೇ ಜನರ ತಂಡ. ಹಾಡುವುದು ನಮ್ಮ ಅಕ್ಕ, ಢೋಲ್ಕಿಗೆ ಪಕ್ಕದ ಓಣಿಯ ಹುಡುಗ, ಬೇಸ್‌ಗೆ ನಾನು. ಮೊದಲು ಗಿಟಾರ್‌ನವನೊಬ್ಬ ಇದ್ದ. ಕೆಲಸ ಸಿಕ್ಕಿ ಪುಣೆಗೆ ಹೋದ. ಅವನು ಹೋದ ಮೇಲೆ ಅಕ್ಕನ ದನಿಯ ಹಿಂದೆ ಏನೂ ಇಲ್ಲದಂತಾಗಿದೆ. ಅವಳು ಸಾಲು ಮುಗಿಸಿ ಉಸಿರು ತಗೊಳ್ಳುವಾಗ ಬರೀ ಢೋಲ್ಕಿ ಕೇಳಿಸುತ್ತದೆ. ಆ ಜಾಗ ತುಂಬಲು ಲೂಪರ್ ತಗೊಳ್ಳಬೇಕು ಅಂತ ಇದ್ದೇನೆ. ಅಂದರೆ ನುಡಿಸಿದ ತುಣುಕನ್ನು ಹಿಡಿದಿಟ್ಟು ಮತ್ತೆ ಮತ್ತೆ ಕೇಳಿಸುವ, ಕಾಲಲ್ಲಿ ಒತ್ತುವ ಪೆಡಲ್.

ನಾವು ಹೆಚ್ಚಾಗಿ ಹಾಡುವುದು ತತ್ವಪದ, ಜಾನಪದ. ರಿಸೆಪ್ಷನ್ ಇದ್ದರೆ ಹಳೆಯ ಸಿನಿಮಾ ಹಾಡು. ಗಣಪತಿ ಹಬ್ಬದಲ್ಲಿ ಮಂಡಳಗಳ ಪೆಂಡಾಲಿನಲ್ಲೂ ಕಾರ್ಯಕ್ರಮ ಇರುತ್ತದೆ. ಅಕ್ಕನ ಶ್ರುತಿ ಕಪ್ಪು 5, ಅಂದರೆ ಹಾರ್ಮೋನಿಯಂನ ಐದನೇ ಕಪ್ಪು ಮನೆ.

ಈ ಫೆಬ್ರವರಿಯಲ್ಲಿ ಗೋವಾದ ಗೆಳೆಯನ ಹತ್ತಿರ ಒಂದೇ ಬಟನ್ ಇರುವ ಲೂಪರ್ ಎರವಲು ತಂದಿದ್ದೆ. ಮನೆಯಲ್ಲಿ ನಾಲ್ಕು ದಿನ ಚೆನ್ನಾಗಿ ನಡೆಯಿತು. ಐದನೇ ದಿನ ಒಂದು ಮಂಗಲ ಕಾರ್ಯಾಲಯದಲ್ಲಿ ರಿಸೆಪ್ಷನ್. ಮೂರನೇ ಹಾಡಿನ ಕೊನೆಗೆ ಲೂಪ್ ನಿಲ್ಲಿಸಬೇಕಿತ್ತು. ಆ ಪೆಡಲ್ ನಿಲ್ಲಬೇಕಾದರೆ ಬೇಗ ಬೇಗ ಎರಡು ಸಲ ಒತ್ತಬೇಕು. ನನ್ನ ಎರಡನೇ ಒತ್ತು ತಡವಾಯಿತು. ಅದು ನಿಲ್ಲುವ ಬದಲು ಮೇಲೊಂದು ಪದರ ರೆಕಾರ್ಡ್ ಮಾಡತೊಡಗಿತು. ಗಾಬರಿಯಲ್ಲಿ ನನ್ನ ಕೈ ತಂತಿಗೆ ತಾಗಿ ಢಣ್ ಅಂದದ್ದೂ ಒಳಗೆ ಹೋಯಿತು. ಅಕ್ಕ ಹಾಡು ಮುಗಿಸಿ ಕೈ ಮುಗಿದು ನಿಂತಿದ್ದಾಳೆ, ಇಲ್ಲಿ ಎಂಟು ಮಾತ್ರೆಗೊಮ್ಮೆ ಢಣ್, ಢಣ್. ಕೊನೆಗೆ ವೈರನ್ನೇ ಕಿತ್ತೆ. ಸ್ಪೀಕರಿನಲ್ಲಿ ಟಪ್ ಅಂತ ದೊಡ್ಡ ಸದ್ದು. ವೇದಿಕೆಯ ಮೇಲಿದ್ದ ಮಗುವೊಂದು ಬೆಚ್ಚಿ ಅಳತೊಡಗಿತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಆದರೂ ಲೂಪರ್ ಬೇಡ ಅಂತ ಅನಿಸುತ್ತಿಲ್ಲ. ಆ ಸಂಜೆಯ ಮೊದಲ ಎರಡು ಹಾಡು ನಿಜವಾಗಿಯೂ ತುಂಬಿ ಬಂದಿದ್ದವು. ಕೈಯಲ್ಲಿ 15,000 ರೂಪಾಯಿ ಇದೆ. ಇಲ್ಲಿ ಎರಡು ಅಂಗಡಿಯಲ್ಲಿ ಕೇಳಿದೆ, ತರಿಸಿ ಕೊಡುತ್ತೇವೆ ಅಂದರು. ಅಂದರೆ ನುಡಿಸಿ ನೋಡದೆ ದುಡ್ಡು ಕೊಡಬೇಕು. ಬೇಸ್‌ಗೆ ಬೇರೆ ಲೂಪರ್ ಬೇಕಾ, ಗಿಟಾರಿನದೇ ಸಾಕಾ? ಒಂದು ಬಟನ್ನಾ, ಎರಡಾ? ಸ್ಟೇಜ್ ಮೇಲೆ ಬಳಸಿದವರು ದಯವಿಟ್ಟು ಹೇಳಿ.

ಕ್ಯಾಂಪ್ ಬೇಸ್ (ಬೆಳಗಾವಿ)

ಅಣ್ಣಾ, ನಾನು ಕ್ಯಾಂಪ್‌ನ ಚರ್ಚಿನಲ್ಲಿ ನುಡಿಸುತ್ತೇನೆ. ಭಾನುವಾರ ಪ್ರಾರ್ಥನೆ ಶುರುವಾಗುವ ಮುಂಚೆ ಹತ್ತು ನಿಮಿಷ ಬೇಸ್ ಮತ್ತು ಲೂಪರ್ ಮಾತ್ರ. ನಿಮಗಾದದ್ದು ನನಗೂ ಆಗಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ಮಾತು. ನಿಲ್ಲಿಸುವುದಕ್ಕೆ ಬೇರೆ ಬಟನ್ ಇರಲೇಬೇಕು. ಉಳಿದದ್ದೆಲ್ಲ ಆಮೇಲೆ. ಟಿಸಿ ಎಲೆಕ್ಟ್ರಾನಿಕ್‌ನವರ ಚಿಕ್ಕ ಡಿಟ್ಟೊ ಬಹಳ ಸರಳ, 5 ನಿಮಿಷ ಹಿಡಿಯುತ್ತದೆ, ಸೌಂಡ್ ಕೆಡಿಸುವುದಿಲ್ಲ. ಆದರೆ ಅದಕ್ಕೆ ಹೊರಗಿನ ಸ್ವಿಚ್ ಹಾಕುವ ಜಾಗವೇ ಇಲ್ಲ. ಅದೇ ಡಿಟ್ಟೊ ಎಕ್ಸ್2 ಆದರೆ ಎರಡು ಬಟನ್, ಒಂದನ್ನು ನಿಲ್ಲಿಸುವುದಕ್ಕೇ ಇಟ್ಟುಕೊಳ್ಳಬಹುದು. ಬಾಸ್ ಕಂಪನಿಯ ಆರ್‌ಸಿ-1 ಒಂದೇ ಬಟನ್ನಿನದು, 12 ನಿಮಿಷ ಹಿಡಿಯುತ್ತದೆ. ಅದರಲ್ಲಿ ಹೊರಗಿನ ಫುಟ್‌ಸ್ವಿಚ್‌ಗೆ ಜಾಕ್ ಇದೆ, ಅದರಿಂದ ನಿಲ್ಲಿಸಬಹುದು, ಕೊನೆಯ ಪದರ ಅಳಿಸಬಹುದು. ನಾನು ಬಳಸುವುದು ಇದನ್ನೇ, ಪಕ್ಕದಲ್ಲಿ ಎರಡು ಗುಂಡಿಯ ಫುಟ್‌ಸ್ವಿಚ್ ಇಟ್ಟು. ಮೇಲಿರುವ ಬೆಳಕಿನ ಚಕ್ರ ಲೂಪ್ ಎಲ್ಲಿಗೆ ಬಂದಿದೆ ಅಂತ ತೋರಿಸುತ್ತದೆ. ಕತ್ತಲ ಸ್ಟೇಜಿನಲ್ಲಿ ಅದು ದೊಡ್ಡ ಧೈರ್ಯ.

ಅದೇ ಕಂಪನಿಯ ಆರ್‌ಸಿ-5 ಸಹ ಒಳ್ಳೆಯದು. 99 ಲೂಪ್ ಉಳಿಸಬಹುದು, ಒಳಗೇ ಡ್ರಮ್ ತಾಳಗಳಿವೆ. ಆದರೆ ನಿಮ್ಮ ಜೊತೆ ಜೀವಂತ ಢೋಲ್ಕಿ ಇದೆ ಅಲ್ವಾ, ಪೆಡಲಿನ ಡ್ರಮ್ ಏಕೆ ಬೇಕು? ದುಡ್ಡು ಜಾಸ್ತಿ ಆಗುತ್ತದೆ, ಸ್ಕ್ರೀನ್ ನೋಡುತ್ತಾ ನಿಲ್ಲಬೇಕಾಗುತ್ತದೆ.

ಇನ್ನೊಂದು ಕೇಳಬೇಕು. ಸ್ಟೇಜ್ ಮೇಲೆ ಕಾಲಿಗೆ ಏನು ಹಾಕಿಕೊಂಡಿದ್ದಿರಿ? ನಾನು ಮೊದಲು ಕೊಲ್ಹಾಪುರಿ ಚಪ್ಪಲಿ ಹಾಕಿ ಒತ್ತುತ್ತಿದ್ದೆ. ಆ ಗಟ್ಟಿ ತೊಗಲಿನ ಅಟ್ಟೆಯಲ್ಲಿ ಬಟನ್ ಕೆಳಗೆ ಹೋಯಿತಾ ಇಲ್ಲವಾ ಅಂತ ಪಾದಕ್ಕೆ ಗೊತ್ತೇ ಆಗುವುದಿಲ್ಲ. ಈಗ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ನಿಲ್ಲುತ್ತೇನೆ. ಹೆಬ್ಬೆರಳ ಬುಡದಿಂದ ಒತ್ತಬೇಕು, ಹಿಮ್ಮಡಿ ನೆಲದಲ್ಲೇ ಇರಬೇಕು. ಪೆಂಡಾಲಿನ ಕಾರ್ಪೆಟ್ ಮೇಲೆ ಪೆಡಲ್ ಹಾಗೇ ಇಟ್ಟರೆ ಒತ್ತಿದಾಗ ಜಾರುತ್ತದೆ. ಒಂದು ಅಡಿ ಪ್ಲೈವುಡ್ ತಂದು ಅದಕ್ಕೆ ವೆಲ್ಕ್ರೊ ಹಾಕಿ ಕೂರಿಸಿ.

ಮತ್ತೆ, ರೆಕಾರ್ಡ್ ಮುಗಿಸುವ ಒತ್ತು ಕೊನೆಯ ಮಾತ್ರೆಗೆ ಅಲ್ಲ, ಮುಂದಿನ ಸಮ್‌ಗೆ, ಅಂದರೆ ಮುಂದಿನ ಸುತ್ತಿನ ಮೊದಲ ಮಾತ್ರೆಗೆ ಬೀಳಬೇಕು. ಎಂಟು ಮಾತ್ರೆಯಾದರೆ ಎಂಟಕ್ಕೆ ಒತ್ತಬೇಡಿ, ಒಂಬತ್ತನೆಯದು ಅನ್ನುವ ಆ ಒಂದಕ್ಕೆ ಒತ್ತಿ. ಬಾಯಲ್ಲಿ ಎಣಿಸುತ್ತಾ ಅಭ್ಯಾಸ ಮಾಡಿ. ನನಗೆ ಕಾಲು ಪಳಗಲು ಎರಡು ತಿಂಗಳು ಬೇಕಾಯಿತು.

ಸೌಂಡ್‌ನವ (ವಿಜಯಪುರ)

ಸರ, ನಾನು ಮಿಕ್ಸರ್ ಮುಂದೆ ಕೂರುವವನು. ನನ್ನ ಕಡೆಯಿಂದ ನೋಡಿದರೆ ಬೇಸ್ ಲೂಪಿನ ಕಷ್ಟ ಪೆಡಲಿನದಲ್ಲ, ನುಡಿಸುವ ಜಾಗದ್ದು.

ಗಿಟಾರಿನವರ ಲೂಪರೇ ಬೇಸ್‌ಗೆ ಸಾಕು. ಆದರೆ ಬೇಸಿನ ತೆರೆದ ಇ ತಂತಿ, ಅಂದರೆ ಎಲ್ಲಕ್ಕಿಂತ ತಗ್ಗಿನ ತಂತಿ, 41 ಹರ್ಟ್ಸ್. ಅಲ್ಲಿ ಒಂದರ ಮೇಲೊಂದು ಪದರ ಹಾಕಿದರೆ ಏನಾಗುತ್ತದೆ? ಒಂದೇ ಸ್ವರದ ಎರಡು ಪದರ ಸರಿಯಾಗಿ ಕೂಡಿದರೆ 6 ಡೆಸಿಬಲ್ ಏರುತ್ತದೆ, ಸಬ್‌ವೂಫರ್ ಗುಂಯ್‌ಗುಡುತ್ತದೆ. ಅಲೆಗಳು ಎದುರುಬದುರಾದರೆ ಸ್ವರವೇ ಸೊರಗುತ್ತದೆ. ಯಾವುದು ಆಗುತ್ತದೆ ಅನ್ನುವುದು ನಿಮ್ಮ ಕೈಯಲ್ಲೂ ಇಲ್ಲ, ನನ್ನ ಕೈಯಲ್ಲೂ ಇಲ್ಲ. ತಗ್ಗಿನ ಜಾಗದಲ್ಲಿ ಒಂದೇ ದನಿ ಇರಲಿ. ಅದು ನೀವು ಆಗ ನುಡಿಸುತ್ತಿರುವುದೇ ಆಗಿರಲಿ.

ನಿಮ್ಮ ಅಕ್ಕನ ಶ್ರುತಿ ಕಪ್ಪು 5 ಅಂದಿರಿ. ಆ ಷಡ್ಜವನ್ನು ಎ ತಂತಿಯ ಮೊದಲ ಫ್ರೆಟ್ಟಿನಲ್ಲಿ (ಕತ್ತಿನ ಮೇಲಿನ ಲೋಹದ ಪಟ್ಟಿಯ ಮನೆಯಲ್ಲಿ) ಹಿಡಿದರೆ 58 ಹರ್ಟ್ಸ್. ಲೂಪಿಗೆ ಅಲ್ಲಿ ನುಡಿಸಬೇಡಿ. ಜಿ ತಂತಿಯ ಮೂರನೇ ಫ್ರೆಟ್ಟಿಗೆ ಹೋಗಿ. ಅದೇ ಷಡ್ಜ, ಒಂದು ಸಪ್ತಕ ಮೇಲೆ. ಅದೇ ತಂತಿಯ ಹತ್ತನೇ ಫ್ರೆಟ್ಟಿನಲ್ಲಿ ಪಂಚಮ ಸಿಗುತ್ತದೆ. ಇವೆರಡನ್ನೇ ಲೂಪ್ ಮಾಡಿ, ಲೂಪಿನ ಮಟ್ಟ ಸ್ವಲ್ಪ ತಗ್ಗಿಸಿ. ಕೆಳಗಿನ ಎರಡು ತಂತಿ ಪೂರ್ತಿ ನಿಮ್ಮ ಕೈಗೆ ಉಳಿಯುತ್ತದೆ. ಆಗ ಇಬ್ಬರು ನುಡಿಸಿದಂತೆ ಕೇಳಿಸುತ್ತದೆ.

ಹಮ್, ಅಂದರೆ ಕರೆಂಟಿನ ಗುಂಯ್ ಸದ್ದಿನ ಬಗ್ಗೆ ಒಂದು ಮಾತು. ಪೆಂಡಾಲಿನಲ್ಲಿ ಜನರೇಟರ್, ಸೀರಿಯಲ್ ಲೈಟ್ ಎಲ್ಲ ಒಟ್ಟಿಗೆ ಇರುತ್ತವೆ. ನಿಮ್ಮ ಬೇಸಿನಿಂದ ಸ್ವಲ್ಪ ಗುಂಯ್ ಬಂದರೂ ಪ್ರತಿ ಪದರದ ಜೊತೆ ಅದೂ ಸೇರುತ್ತಾ ಹೋಗುತ್ತದೆ. ಜಾಝ್ ಬೇಸ್ ತರಹ ಎರಡು ಸಿಂಗಲ್ ಕಾಯಿಲ್ ಪಿಕಪ್ (ತಂತಿಯ ಕಂಪನ ಹಿಡಿಯುವ ಒಂಟಿ ಸುರುಳಿಯ ಭಾಗ) ಇದ್ದರೆ, ರೆಕಾರ್ಡ್ ಮಾಡುವಾಗ ಎರಡರ ವಾಲ್ಯೂಮನ್ನೂ ಪೂರ್ತಿ ತೆರೆಯಿರಿ, ಹಮ್ ಹೆಚ್ಚುಕಡಿಮೆ ಹೋಗುತ್ತದೆ. ಪೆಡಲಿಗೆ 9 ವೋಲ್ಟಿನ ಬೇರೆಯೇ ಅಡಾಪ್ಟರ್ ಕೊಡಿ. ಒಳಗಿನ ಪಿನ್ ಮೈನಸ್ ಇರಬೇಕು, ನೋಡಿಕೊಳ್ಳಿ. ಟ್ಯೂನರ್, ಕಂಪ್ರೆಸರ್ ಎಲ್ಲ ಮೊದಲು, ಲೂಪರ್ ಕೊನೆಗೆ, ಅಲ್ಲಿಂದ ಮಿಕ್ಸರ್‌ಗೆ ಸಿಗ್ನಲ್ ಹೊಂದಿಸಿ ಕಳಿಸುವ ಡಿಐ ಬಾಕ್ಸ್. ಮತ್ತೆ ದಯವಿಟ್ಟು, ಏನೇ ಆದರೂ ವೈರ್ ಕೀಳಬೇಡಿ. ನನ್ನ ಕಡೆ ಕೈ ಎತ್ತಿ, ನಾನು ಮಿಕ್ಸರಿನ ಫೇಡರ್ ಇಳಿಸಿ ಸದ್ದು ತಗ್ಗಿಸುತ್ತೇನೆ. ಕಾರ್ಯಕ್ರಮಕ್ಕೆ ಮುಂಚೆ ಸೌಂಡ್‌ನವರ ಜೊತೆ ಈ ಸನ್ನೆ ಮಾತಾಡಿಟ್ಟುಕೊಳ್ಳಿ.

ದಪ್ಪತಂತಿ (ಟಿಳಕವಾಡಿ, ಬೆಳಗಾವಿ)

ಇಬ್ಬರಿಗೂ ತುಂಬಾ ಧನ್ಯವಾದ. ಚಪ್ಪಲಿಯ ಮಾತು ಓದಿ ಎದ್ದು ಹೋಗಿ ನನ್ನ ಚಪ್ಪಲಿ ನೋಡಿದೆ. ಅದೇ, ಕೊಲ್ಹಾಪುರಿ, ಎರಡು ಪದರದ ಅಟ್ಟೆ.

ಗೆಳೆಯನ ಪೆಡಲ್ ಇನ್ನೂ ನನ್ನ ಹತ್ತಿರವೇ ಇದೆ. ನಿನ್ನೆ ಜಿ ತಂತಿಯಲ್ಲಿ ಸ, ಪ ಹಿಡಿದು ನೋಡಿದೆ. ಕೇಳಲು ಸ್ವಚ್ಛವಾಗಿದೆ. ಆದರೆ ಇನ್ನೊಂದು ಕಷ್ಟ. ತತ್ವಪದದಲ್ಲಿ ಅಕ್ಕ ಕೊನೆಯ ನುಡಿಗೆ ಬರುವಾಗ ಲಯ ಏರಿಸುತ್ತಾಳೆ. ಹುಡುಗನೂ ಅವಳ ಹಿಂದೆ ಓಡುತ್ತಾನೆ. ನನ್ನ ಲೂಪ್ ಮಾತ್ರ ಹಳೆಯ ಲಯದಲ್ಲೇ ನಿಂತಿರುತ್ತದೆ. ಲಯ ಏರಿಸಬೇಡ ಅಂತ ಅಕ್ಕನಿಗೆ ಹೇಳಲು ನನಗೆ ಮನಸ್ಸಿಲ್ಲ. ಜನ ತಲೆದೂಗುವುದು ಅಲ್ಲಿಯೇ. ಇದಕ್ಕೆ ಏನು ಮಾಡಬೇಕು?

ಢೋಲ್ಕಿ ಕೈ (ಬಾಗಲಕೋಟೆ)

ಅಣ್ಣಾವ್ರೇ, ಇದು ನಮ್ಮ ಕಡೆಯ ಕಷ್ಟ, ನಾನು ಹೇಳುತ್ತೇನೆ. ಲೂಪಿನ ಜೊತೆ ಢೋಲ್ಕಿ ಬಾರಿಸಿ ಸೋತವನು ನಾನು.

ನಿಮಿಷಕ್ಕೆ 96 ಮಾತ್ರೆ ಅಂತ ಇಟ್ಟುಕೊಳ್ಳಿ. 16 ಮಾತ್ರೆಯ ಲೂಪ್ ಸರಿಯಾಗಿ 10 ಸೆಕೆಂಡ್. ಒತ್ತುವಾಗ ನಿಮ್ಮ ಕಾಲು 50 ಮಿಲಿಸೆಕೆಂಡ್ ಮುಂಚೆ ಬಿತ್ತು ಅನ್ನಿ. ಆ ಕ್ಷಣಕ್ಕೆ ಯಾರಿಗೂ ಗೊತ್ತಾಗುವುದಿಲ್ಲ. ಆದರೆ ನಾನು ನನ್ನ ಲಯದಲ್ಲೇ ಬಾರಿಸುತ್ತಾ ಹೋದರೆ 20 ಸುತ್ತಿಗೆ ಪೂರ್ತಿ ಒಂದು ಸೆಕೆಂಡ್ ವ್ಯತ್ಯಾಸ, ಅಂದರೆ ಒಂದೂವರೆ ಮಾತ್ರೆಗಿಂತ ಜಾಸ್ತಿ. ಸುಮಾರು ಮೂರೂಕಾಲು ನಿಮಿಷದ ಹಾಡಿನಲ್ಲಿ ಇಷ್ಟಾಗುತ್ತದೆ. ಆಗ ಬೈಗುಳ ತಿನ್ನುವವನು ಢೋಲ್ಕಿಯವನು.

ಹಾಗಾಗಿ ಪೆಟ್ಟು ಇರುವ ಲೂಪ್ ಸಿನಿಮಾ ಹಾಡಿಗೆ ಮಾತ್ರ ಇಡಿ. ಆಗ ಆ ಹುಡುಗನ ಕಿವಿಗೆ ಲೂಪ್ ಜೋರಾಗಿ ಕೇಳಿಸಬೇಕು, ಅವನ ಪಕ್ಕದಲ್ಲೇ ಮಾನಿಟರ್ ಇರಬೇಕು. ಕೇಳಿಸಿದರೆ ಅವನು ಹೊಂದಿಕೊಳ್ಳುತ್ತಾನೆ. ಕೇಳಿಸದಿದ್ದರೆ ಎಂಥ ಪೆಡಲ್ ತಂದರೂ ಅಷ್ಟೇ.

ತತ್ವಪದಕ್ಕೆ ಪೆಟ್ಟೇ ಇಲ್ಲದ ಲೂಪ್ ಮಾಡಿ. ಏಕತಾರಿ ಜಾಗದಲ್ಲಿ ಅದು ಇರಲಿ. ಸ್ವರದಲ್ಲಿ ಮೀಟಿದ ಗುರುತು ಇಲ್ಲದಿದ್ದರೆ ಲಯ ಎಷ್ಟು ಏರಿದರೂ ಅದು ಅಡ್ಡ ಬರುವುದಿಲ್ಲ.

ಕ್ಯಾಂಪ್ ಬೇಸ್ (ಬೆಳಗಾವಿ)

ಢೋಲ್ಕಿಯವರು ಸರಿಯಾಗಿ ಹೇಳಿದರು. 1970ರ ದಶಕದ ಕೊನೆಗೇ ಅಮೆರಿಕದ ಬೇಸ್ ವಾದಕ ಜಾಕೊ ಪಾಸ್ಟೋರಿಯಸ್ ಎಂಎಕ್ಸ್‌ಆರ್ ಡಿಜಿಟಲ್ ಡಿಲೇ ಅನ್ನುವ ಪ್ರತಿಧ್ವನಿ ಯಂತ್ರದಲ್ಲಿ ಒಂದು ತುಣುಕು ಹಿಡಿದಿಟ್ಟು ಅದರ ಮೇಲೆ ಸೋಲೊ ನುಡಿಸುತ್ತಿದ್ದರು. ಆ ಹೊತ್ತಿಗೆ ಸ್ಟೇಜಿನಲ್ಲಿ ಅವರೊಬ್ಬರೇ. ಬೇರೆಯವರ ಲಯದ ಪ್ರಶ್ನೆಯೇ ಬರಲಿಲ್ಲ. ನಾನು ಚರ್ಚಿನಲ್ಲಿ ಮಾಡುವುದೂ ಒಬ್ಬನೇ ಇದ್ದಾಗ.

ಪೆಟ್ಟು ಕಾಣದಂತೆ ಮಾಡುವ ರೀತಿ ಹೇಳುತ್ತೇನೆ. ಬೇಸಿನ ವಾಲ್ಯೂಮ್ ಸೊನ್ನೆಗೆ ತನ್ನಿ. ತಂತಿ ಮೀಟಿ, ಆಮೇಲೆ ಕಿರುಬೆರಳಿನಿಂದ ವಾಲ್ಯೂಮ್ ನಿಧಾನಕ್ಕೆ ತೆರೆಯಿರಿ. ಸ್ವರ ತುಂಬಿದ ಮೇಲೆ ಪೆಡಲ್ ಒತ್ತಿ. ಹೀಗೆ ಹತ್ತು ಹನ್ನೆರಡು ಸೆಕೆಂಡ್ ಷಡ್ಜ ತುಂಬಿ. ಮುಗಿಸುವಾಗ ಪ್ಲೇಗೆ ಹೋಗದೆ ನೇರವಾಗಿ ಓವರ್‌ಡಬ್‌ಗೆ, ಅಂದರೆ ಮೇಲೊಂದು ಪದರ ರೆಕಾರ್ಡ್ ಮಾಡುವುದಕ್ಕೆ ಹೋಗಬೇಕು. ಆಗ ಸ್ವರದ ಬಾಲ ಲೂಪಿನ ತಲೆಯ ಮೇಲೆ ಮಲಗುತ್ತದೆ, ಹೊಲಿಗೆ ಕಾಣುವುದಿಲ್ಲ. ಎರಡನೇ ಸುತ್ತಿನಲ್ಲಿ ಪಂಚಮವನ್ನು ಹೀಗೇ ಸೇರಿಸಿ. ಕೊಳ್ಳುವ ಪೆಡಲಿನಲ್ಲಿ ಈ ಕ್ರಮ ಇದೆಯಾ ಅಂತ ಅಂಗಡಿಯವರನ್ನು ಕೇಳಿಕೊಳ್ಳಿ.

ದಪ್ಪತಂತಿ (ಟಿಳಕವಾಡಿ, ಬೆಳಗಾವಿ)

ಇವತ್ತು ಸಂಜೆ ಬರಿಗಾಲಲ್ಲಿ ಕೂತು ಮಾಡಿ ನೋಡಿದೆ. ಆರು ಸಲ ಹೊಲಿಗೆ ಕೇಳಿಸಿತು. ಏಳನೇ ಸಲ ಕೇಳಿಸಲಿಲ್ಲ. ಅಕ್ಕ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಲೂಪ್ ಎರಡು ನಿಮಿಷ ಹಾಗೇ ತಿರುಗುತ್ತಿತ್ತು. ಬಡಿಯುವ ಸದ್ದು ನಿಂತಿತು. ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನಿಂತು ಒಂದು ನುಡಿ ಹಾಡಿದಳು. ಕೊನೆಗೆ ಲಯ ಏರಿಸಿದಳು. ನಾನು ಕೆಳಗಿನ ತಂತಿಯಲ್ಲಿ ಅವಳ ಜೊತೆ ಹೋದೆ, ಮೇಲಿನ ಸ್ವರ ತನ್ನ ಪಾಡಿಗೆ ನಿಂತಿತ್ತು. ಯಾವುದೂ ಯಾವುದಕ್ಕೂ ತಾಗಲಿಲ್ಲ. ಶ್ರುತಿಪೆಟ್ಟಿಗೆ ಇನ್ನು ಮನೆಯಲ್ಲೇ ಇರಲಿ ಅಂದಳು.

ಸೋಮವಾರ ಆರ್‌ಸಿ-1 ಮತ್ತು ಒಂದು ಫುಟ್‌ಸ್ವಿಚ್ ಆರ್ಡರ್ ಹಾಕುತ್ತೇನೆ. ಕ್ಯಾಂಪ್‌ನವರೇ, ಅದಕ್ಕೆ ಮುಂಚೆ ನಿಮ್ಮದನ್ನು ಒಂದು ಸಲ ಒತ್ತಿ ನೋಡಬಹುದಾ? ಭಾನುವಾರ ಪ್ರಾರ್ಥನೆ ಮುಗಿಯುವ ಹೊತ್ತಿಗೆ ಬರುತ್ತೇನೆ. ಹುಡುಗನನ್ನೂ ಕರೆದುಕೊಂಡು ಬರುತ್ತೇನೆ.