ಲೇಸರ್ ಕೋಣೆಯೊಳಗಿನ ಆವಿಯನ್ನು ಫೈಬರ್ ತುದಿಯಿಂದ ಪತ್ತೆಹಚ್ಚಬಹುದೇ?

ಪ್ರಶ್ನೆ:
ನಮ್ಮದು 1064 ನ್ಯಾನೋಮೀಟರ್ ಪಲ್ಸ್ ಲೇಸರ್. ನಿರ್ವಾತ ಕೋಣೆಯೊಳಗಿನ ಲೆನ್ಸುಗಳಿಗೆ ಸೋಲ್-ಜೆಲ್ ಸಿಲಿಕಾ ಲೇಪವಿದೆ (ದ್ರಾವಣದಿಂದ ಕೂರಿಸುವ, ಪ್ರತಿಫಲನ ತಗ್ಗಿಸುವ ತೆಳು ಪದರ). ಆರು ತಿಂಗಳಲ್ಲಿ ಎರಡು ಲೆನ್ಸುಗಳು ಸುಟ್ಟವು. ಧೂಳೇನೂ ಕಾಣುವುದಿಲ್ಲ. ಪರೀಕ್ಷೆಗೆಂದು ಒಳಗಿಟ್ಟ ಗಾಜಿನ ಬಿಲ್ಲೆಯನ್ನು ಹೊರತೆಗೆದು ಅಳೆಯುವ ಹೊತ್ತಿಗೆ ಹಾನಿ ಆಗಿರುತ್ತದೆ. ಬೆಳಕು ಸಾಗಿಸುವ ಗಾಜಿನ ಎಳೆಯ, ಅಂದರೆ ಫೈಬರಿನ, ಸೆನ್ಸರ್ ಇಟ್ಟರೆ ಮೊದಲೇ ತಿಳಿಯುತ್ತದೆಯೇ?

ಉತ್ತರ:
ತಿಳಿಯುತ್ತದೆ. ಇದೇ ಕೆಲಸದಲ್ಲಿ ನಾನೂ ಲೆನ್ಸು ಕಳೆದುಕೊಂಡಿದ್ದೇನೆ, ಆದ್ದರಿಂದ ವಿವರವಾಗಿಯೇ ಹೇಳುತ್ತೇನೆ.

ಆ ಲೇಪದ ತುಂಬ ಸೂಕ್ಷ್ಮ ರಂಧ್ರಗಳು. ಹಾಗಾಗಿಯೇ ಅದರ ವಕ್ರೀಭವನ ಸೂಚ್ಯಂಕ (ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬುದರ ಅಳತೆ) 1.22ರ ಆಸುಪಾಸಿನಲ್ಲಿದ್ದು, ಪ್ರತಿಫಲನ ಇಲ್ಲವೆನ್ನುವಷ್ಟು ಕಡಿಮೆ. ಗ್ರೀಸು, ಅಂಟು, ಪ್ಲಾಸ್ಟಿಕ್‌ಗಳಿಂದ ಹೊರಡುವ ಆವಿಯನ್ನು ಹೀರುವುದೂ ಅದೇ ರಂಧ್ರಗಳು. ಸೂಚ್ಯಂಕ 1.30ಕ್ಕೆ ಏರಿತೆನ್ನಿ: ಒಂದು ಮೈಯಿಂದ ಹಿಂದಿರುಗುವ ಬೆಳಕು ಸುಮಾರು ಶೇ 0.02ರಿಂದ ಶೇ 0.6ಕ್ಕೆ ಏರುತ್ತದೆ. ಬಾಗಿದ ಮೈಯಿಂದ ಹಿಂದಿರುಗಿದ ಆ ಬೆಳಕು ಇನ್ನೊಂದು ಲೆನ್ಸಿನೊಳಗೆ ಒಂದೇ ಬಿಂದುವಿನಲ್ಲಿ ಕೂಡಿಕೊಂಡರೆ ಗಾಜು ಸುಡುತ್ತದೆ. ನಿಮ್ಮಲ್ಲಿಯೂ ಹೀಗೇ ಆಗಿರಬಹುದೆಂದು ನನ್ನ ಅನುಮಾನ.

ಹಾದುಹೋಗುವ ಬೆಳಕನ್ನು ಅಳೆದರೆ ಕಾಣುವುದು ಅರ್ಧ ಶೇಕಡದಷ್ಟು ಇಳಿಕೆ. ಲೇಸರಿನ ಏರಿಳಿತದಲ್ಲಿಯೇ ಅದು ಮುಚ್ಚಿಹೋಗುತ್ತದೆ. ಹಿಂದಿರುಗುವ ಬೆಳಕಿನಲ್ಲಾದರೆ ಅದೇ ಬದಲಾವಣೆ 30 ಪಟ್ಟಿಗೂ ಹೆಚ್ಚು! ಸಿಂಗಲ್ ಮೋಡ್ (ಒಂದೇ ದಾರಿಯಲ್ಲಿ ಬೆಳಕು ಸಾಗುವ) ಫೈಬರಿನ ತುದಿಯನ್ನು ಕ್ಲೀವರ್ ಎಂಬ ಕತ್ತರಿಸುವ ಸಾಧನದಿಂದ ನೇರವಾಗಿ ಕತ್ತರಿಸಿ, ಲೆನ್ಸಿಗೆ ಬಳಸಿದ ದ್ರಾವಣದಲ್ಲಿಯೇ ಅದ್ದಿ, ಸುಮಾರು 220 ನ್ಯಾನೋಮೀಟರ್ ದಪ್ಪದ ಲೇಪ ಕೂರಿಸಿ, ಲೆನ್ಸಿನ ಪಕ್ಕದಲ್ಲಿಡಿ. ಹೊರಗೆ 1064 ನ್ಯಾನೋಮೀಟರಿನ ಲೇಸರ್ ಡಯೋಡ್, ಬೆಳಕನ್ನು ಕವಲೊಡೆಸುವ ಕಪ್ಲರ್, ಎರಡು ಡಿಟೆಕ್ಟರ್ ಸಾಕು. ಒಂದು ಡಿಟೆಕ್ಟರ್ ಫೈಬರ್ ತುದಿಯಿಂದ ಹಿಂದಿರುಗುವ ಬೆಳಕನ್ನು ಅಳೆಯಲು, ಇನ್ನೊಂದು ಡಯೋಡಿನ ಏರಿಳಿತವನ್ನು ಗಮನಿಸಲು. ಕನೆಕ್ಟರುಗಳು ಓರೆ ತುದಿಯವೇ ಆಗಿರಲಿ. ನೇರ ತುದಿಯವಾದರೆ ಅವುಗಳ ಪ್ರತಿಫಲನವೂ ನಿಮ್ಮ ಸಂಕೇತದೊಂದಿಗೆ ಬೆರೆಯುತ್ತದೆ.

ಇನ್ನೊಬ್ಬರ ಉತ್ತರ:
ತೇವಾಂಶವನ್ನು ಮರೆಯಬೇಡಿ. ಕೋಣೆ ತೆರೆದಾಗ ನೀರಿನ ಆವಿಯೂ ರಂಧ್ರಗಳಿಗೆ ಇಳಿದು ರೀಡಿಂಗ್ ಏರುತ್ತದೆ.

ಮೊದಲ ಉತ್ತರದವರು:
ನಿಜ, ಬರೆಯಬೇಕಿತ್ತು. ಪಂಪ್ ಹಾಕಿ ನಿರ್ವಾತ ಮಾಡಿದ ಮೇಲೆ ನೀರು ಹೊರಟುಹೋಗುತ್ತದೆ, ಸಿಲಿಕೋನ್ ಎಣ್ಣೆ ಉಳಿಯುತ್ತದೆ. ಪ್ರತಿ ಬಾರಿಯೂ ನಿರ್ವಾತದಲ್ಲಿ ತೆಗೆದ ರೀಡಿಂಗುಗಳನ್ನು ಮಾತ್ರ ಹೋಲಿಸಿ.

ಪ್ರಶ್ನೆ ಕೇಳಿದವರು:
ಮೂರು ಫೈಬರುಗಳನ್ನು ಮೂರು ಕಡೆ ಇಟ್ಟೆವು. ಹನ್ನೊಂದು ದಿನಗಳಲ್ಲಿ ಬಾಗಿಲ ಬಳಿಯದು ಮಾತ್ರ ಏರುತ್ತ ಹೋಯಿತು. ಬಿಚ್ಚಿ ನೋಡಿದರೆ ಬಾಗಿಲಿನ ಓ-ರಿಂಗಿಗೆ (ಗಾಳಿ ಸೋರದಂತೆ ತಡೆಯುವ ರಬ್ಬರ್ ಬಳೆಗೆ) ಯಾರೋ ಧಾರಾಳವಾಗಿ ಸಿಲಿಕೋನ್ ಗ್ರೀಸು ಸವರಿದ್ದರು. ಒರೆಸಿ ರಿಂಗ್ ಬದಲಿಸಿದ್ದೇವೆ. ಹೊಸ ತುದಿ ಅದ್ದಿ ಅದೇ ಜಾಗದಲ್ಲಿಟ್ಟಿದ್ದೇವೆ. ಐದು ದಿನಗಳಿಂದ ರೀಡಿಂಗಿನ ಗೆರೆ ಅಲುಗಿಲ್ಲ.